ಯೋಮ್ ಕಿಪ್ಪುರ್: ಉಪವಾಸಕ್ಕೂ ಮುಂಚೆ ಬಾಕಿ ಚುಕ್ತಾ

ಯೆಹೂದಿಗಳ ವರ್ಷದಲ್ಲಿ ಎಲ್ಲಕ್ಕಿಂತ ಪವಿತ್ರವಾದ ದಿನ ಯೋಮ್ ಕಿಪ್ಪುರ್. ಅವರ ತಿಶ್ರಿ ತಿಂಗಳ ಹತ್ತನೇ ದಿನ ಅದು. ಒಂದು ಸಂಜೆಯಿಂದ ಮರುದಿನ ಚುಕ್ಕಿ ಮೂಡುವವರೆಗೆ, ಸುಮಾರು 25 ತಾಸು, ಅನ್ನವೂ ಇಲ್ಲ, ನೀರೂ ಇಲ್ಲ. ನೋಡುವವರ ಕಣ್ಣಿಗೆ ಬೀಳುವುದು ಈ ಕಠಿಣ ಉಪವಾಸ. ಆದರೆ ಆ ಉಪವಾಸ ಯಾವುದಕ್ಕೆ ಸಾಲುತ್ತದೆ, ಯಾವುದಕ್ಕೆ ಸಾಲದು ಎಂಬುದನ್ನು ಯೆಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದ ಯೋಮಾ ಭಾಗ ಎಂಟನೇ ಅಧ್ಯಾಯದ ಕೊನೆಯಲ್ಲಿ ಖಚಿತವಾಗಿ ಹೇಳಿಬಿಟ್ಟಿದೆ: ದೇವರ ವಿಷಯದಲ್ಲಿ ಮಾಡಿದ ತಪ್ಪಿಗೆ ಈ ದಿನ ಪರಿಹಾರ ಕೊಡುತ್ತದೆ, ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪಿಗೆ, ಆ ಮನುಷ್ಯನನ್ನು ಸಮಾಧಾನ ಮಾಡುವ ತನಕ ಪರಿಹಾರವಿಲ್ಲ. ಹಾಗಾಗಿ ಈ ದಿನವನ್ನು ಸರಿಯಾಗಿ ಆಚರಿಸಬೇಕೆಂದರೆ ತಯಾರಿ ಅಡುಗೆಮನೆಯಲ್ಲಿ ಶುರುವಾಗುವುದಿಲ್ಲ. ಯಾರ ಮನೆ ಬಾಗಿಲಿಗೆ ಹೋಗಬೇಕು ಎಂಬ ಪಟ್ಟಿಯಿಂದ ಶುರುವಾಗುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್ ಇಲ್ಲ. ಓದಿಗೋ ಕೆಲಸಕ್ಕೋ ಇಲ್ಲಿಗೆ ಬಂದು ಒಬ್ಬರೇ ಈ ದಿನ ಹಿಡಿಯುವ ಯೆಹೂದಿಗಳಿಗೆ, ಅವರಿಗೆ ಮನೆ ಬಾಡಿಗೆ ಕೊಟ್ಟವರಿಗೆ, ಜೊತೆಗೆ ಕೆಲಸ ಮಾಡುವವರಿಗೆ, ಬೈಬಲಿನಲ್ಲಿ ಈ ದಿನದ ವಿಧಿ ಹೇಳುವ ಯಾಜಕಕಾಂಡದ 16ನೇ ಅಧ್ಯಾಯ ಓದಿ ‘ಇದು ಈಗ ಹೇಗೆ ನಡೆಯುತ್ತದೆ’ ಎಂದು ಕೇಳುವ ನಮ್ಮ ಕಡೆಯ ಕ್ರೈಸ್ತ ಓದುಗರಿಗೆ ಈ ಬರಹ.

ದಿನ, ಹೊತ್ತು

2026ರಲ್ಲಿ ಉಪವಾಸ ಹಿಡಿಯುವುದು ಸೆಪ್ಟೆಂಬರ್ 20ರ ರವಿವಾರ ಸಂಜೆ, ಬಿಡುವುದು 21ರ ಸೋಮವಾರ ರಾತ್ರಿ. 2027ರಲ್ಲಿ ಅಕ್ಟೋಬರ್ 10ರ ರವಿವಾರ ಸಂಜೆಯಿಂದ 11ರ ಸೋಮವಾರ ರಾತ್ರಿವರೆಗೆ. ಕ್ಯಾಲೆಂಡರಿನಲ್ಲಿ ‘21’ ಎಂದಷ್ಟೇ ನೋಡಿ ಸೋಮವಾರ ಬೆಳಿಗ್ಗೆಯಿಂದ ಎಂದುಕೊಂಡವರು ಅರ್ಧ ಉಪವಾಸವನ್ನೇ ಕಳೆದುಕೊಳ್ಳುತ್ತಾರೆ. ಯೆಹೂದಿ ದಿನ ಹೊತ್ತು ಮುಳುಗಿದಾಗಲೇ ಶುರು.

ಸೆಪ್ಟೆಂಬರ್ 20ರಂದು ಕಲಬುರಗಿಯಲ್ಲಿ ಸೂರ್ಯ ಮುಳುಗುವುದು ಸುಮಾರು 6:20ಕ್ಕೆ. ಯಾದಗಿರಿಯಲ್ಲಿ ಒಂದು ನಿಮಿಷ, ಬೀದರಿನಲ್ಲಿ ಎರಡು-ಮೂರು ನಿಮಿಷ ಮೊದಲು. ಅಕ್ಟೋಬರ್ 10ಕ್ಕೆ ಅದು 6:05ರ ಆಸುಪಾಸಿಗೆ ಬರುತ್ತದೆ. ದೀಪ ಹಚ್ಚುವುದು ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ ಎಂಬುದು ರೂಢಿ, ಊಟ ಅದಕ್ಕೂ ಮೊದಲೇ ಮುಗಿದಿರಬೇಕು. ಮರುದಿನ ಬಿಡುವುದು ಮೂರು ಸಣ್ಣ ಚುಕ್ಕಿ ಕಂಡ ಮೇಲೆ. ನಮ್ಮ ಕಡೆ ಮುಸ್ಸಂಜೆ ಬೇಗ ಮುಗಿಯುವುದರಿಂದ ಸೂರ್ಯಾಸ್ತದ ನಂತರ 35 ನಿಮಿಷಕ್ಕೆ ಚುಕ್ಕಿ ಸಿಗುತ್ತವೆ. ಸೆಪ್ಟೆಂಬರಿನಲ್ಲಿ ಮೋಡ ಕವಿದಿದ್ದರೆ ಆಕಾಶ ನೋಡುತ್ತ ಕೂಡಬೇಡಿ, ಗಡಿಯಾರದಲ್ಲಿ 7 ಗಂಟೆ ಹಿಡಿಯಿರಿ. ಮೊಬೈಲ್ ಆ್ಯಪ್‌ನಲ್ಲಿ ಊರು ಜೆರುಸಲೇಮ್ ಅಂತಲೋ ಮುಂಬೈ ಅಂತಲೋ ಉಳಿದಿದೆಯೇ ನೋಡಿಕೊಳ್ಳಿ. ಮುಂಬೈ ಸೂರ್ಯಾಸ್ತ ನಮಗಿಂತ ಹದಿನೈದಕ್ಕೂ ಹೆಚ್ಚು ನಿಮಿಷ ತಡ, ಆ ಲೆಕ್ಕ ನಂಬಿ ಊಟಕ್ಕೆ ಕೂತರೆ ಇಲ್ಲಿ ಹೊತ್ತು ಮುಳುಗಿರುತ್ತದೆ.

ಕ್ಷಮೆ ಕೇಳುವ ಕೆಲಸ

ಇದಕ್ಕೆ ತಿಶ್ರಿಯ ಹಿಂದಿನ ಎಲುಲ್ ತಿಂಗಳಿಡೀ ಸಮಯವಿದೆ. 2026ರಲ್ಲಿ ಅದು ಆಗಸ್ಟ್ 14ಕ್ಕೆ ಶುರುವಾಗುತ್ತದೆ. ಹೊಸ ವರ್ಷವಾದ ರೋಶ್ ಹಶಾನಾ ಸೆಪ್ಟೆಂಬರ್ 12ಕ್ಕೆ. ಅಲ್ಲಿಂದ ಯೋಮ್ ಕಿಪ್ಪುರ್ ತನಕದ ಹತ್ತು ದಿನ ಪಶ್ಚಾತ್ತಾಪದ ದಿನಗಳು. ಹತ್ತರಲ್ಲಿ ಕೊನೆಯ ದಿನಕ್ಕೆ ಎಲ್ಲವನ್ನೂ ಉಳಿಸಿಕೊಳ್ಳಬಾರದು.

ಕಿರಾಣಿ ಅಂಗಡಿಯ ಉದ್ರಿ ವಹಿಯಂತೆ ಒಂದು ಕಾಗದದಲ್ಲಿ ಮೂರು ಕಾಲಂ ಹಾಕಿ: ಯಾರಿಗೆ, ಏನು ಮಾಡಿದೆ, ಏನು ವಾಪಸ್ ಕೊಡಬೇಕು. ಮೂರನೇ ಕಾಲಂ ಖಾಲಿ ಬಿಡುವುದೇ ಎಲ್ಲರ ಚಾಳಿ. 12ನೇ ಶತಮಾನದ ಪಂಡಿತ ಮೈಮೊನಿಡೀಸ್ ಬರೆದಿಟ್ಟ ನಿಯಮದಲ್ಲಿ ಇದಕ್ಕೆ ಸಡಿಲಿಕೆ ಇಲ್ಲ. ಹಣ ಹೊಡೆದಿದ್ದರೆ, ಗಾಯ ಮಾಡಿದ್ದರೆ, ಮೊದಲು ನಷ್ಟ ತುಂಬಿಕೊಡಬೇಕು. ಕೊಟ್ಟ ಮೇಲೂ ಕೆಲಸ ಮುಗಿಯಲಿಲ್ಲ, ಆ ವ್ಯಕ್ತಿಯ ಮನಸ್ಸು ಕರಗುವಂತೆ ಕೇಳಿಕೊಳ್ಳಬೇಕು. ಎರಡರಲ್ಲಿ ಒಂದು ಮಾಡಿದರೆ ಸಾಲದು.

ಕೇಳುವ ಮಾತು ಹೇಗಿರಬೇಕು? ಒಂದು ಉದಾಹರಣೆ ನೋಡಿ. ‘ಹೋದ ಯುಗಾದಿ ಹೊತ್ತಿಗೆ ನಿನ್ನ ಹತ್ತಿರ ಎಂಟು ಸಾವಿರ ತಗೊಂಡೆ. ಎರಡು ತಿಂಗಳಲ್ಲಿ ಕೊಡ್ತೀನಿ ಅಂದೆ, ಕೊಡಲಿಲ್ಲ. ನಿನ್ನ ಫೋನೂ ಎತ್ತಲಿಲ್ಲ. ನಿನ್ನ ಮಗಳ ಫೀಸಿನ ಹೊತ್ತಿಗೆ ತೊಂದರೆಯಾಯಿತು ಅಂತ ಗೊತ್ತು. ತಪ್ಪು ನನ್ನದು. ಇದು ಐದು ಸಾವಿರ, ಉಳಿದದ್ದು ದೀಪಾವಳಿಯೊಳಗೆ. ನನ್ನನ್ನು ಮಾಫ್ ಮಾಡ್ತೀಯಾ?’ ಇದರಲ್ಲಿ ತಪ್ಪಿನ ಹೆಸರಿದೆ, ಎದುರಿನವನಿಗಾದ ನೋವಿನ ಅರಿವಿದೆ, ವಾಪಸ್ ಕೊಡುವ ಹಣವಿದೆ, ಕೊನೆಗೆ ನಿಜವಾಗಿಯೂ ಒಂದು ಪ್ರಶ್ನೆ ಇದೆ. ಅವನು ‘ಇಲ್ಲ’ ಎನ್ನಲೂ ಜಾಗವಿದೆ.

ಈಗ ಇದನ್ನು ನೋಡಿ: ‘ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮೆ ಇರಲಿ.’ ವಾಟ್ಸ್‌ಆ್ಯಪ್‌ನಲ್ಲಿ ಇನ್ನೂರು ಮಂದಿಗೆ ಒಮ್ಮೆಗೇ ಹೋಗುವ ಈ ಸಂದೇಶ ಯಾವ ಬಾಕಿಯನ್ನೂ ತೀರಿಸುವುದಿಲ್ಲ. ತಪ್ಪಾಗಿದೆ ಎಂಬ ಒಪ್ಪಿಗೆಯೇ ಅದರಲ್ಲಿಲ್ಲ. ಸ್ನೇಹಿತರಿಗೆ ಹಬ್ಬದ ಹಾರೈಕೆಯಾಗಿ ಕಳಿಸಿ, ಅಭ್ಯಂತರವಿಲ್ಲ. ನಿಜವಾಗಿ ನೊಂದವನಿಗೆ ಅದನ್ನೇ ಕಳಿಸಿದರೆ ಗಾಯ ಇನ್ನಷ್ಟು ಕೆರೆದಂತೆ. ‘ಕ್ಷಮಿಸು, ಆದರೆ ನೀನೂ ಅವತ್ತು...’ ಎಂದು ಶುರುವಾಗುವ ಮಾತೂ ಅಷ್ಟೇ. ಇನ್ನೊಂದು ತಪ್ಪು, ಹಿಂದಿನ ಸಂಜೆ ಐದು ಗಂಟೆಗೆ ಓಡಿಹೋಗಿ ‘ಇವತ್ತು ನನ್ನ ಉಪವಾಸ, ಬೇಗ ಕ್ಷಮಿಸು’ ಎನ್ನುವುದು. ನಿಮ್ಮ ಹಬ್ಬದ ಹೊರೆಯನ್ನು ಅವನ ತಲೆ ಮೇಲೆ ಹೊರಿಸಿದ ಹಾಗಾಯಿತು. ಅವನಿಗೆ ಕೋಪ ಮಾಡಿಕೊಳ್ಳಲು, ಯೋಚಿಸಲು ಕನಿಷ್ಠ ಒಂದು ವಾರ ಬಿಡಿ.

ಅವನು ಒಪ್ಪದಿದ್ದರೆ? ಮೂವರನ್ನು ಕರೆದುಕೊಂಡು ಹೋಗಿ ಮತ್ತೆ ಕೇಳಬೇಕು. ಎರಡನೇ, ಮೂರನೇ ಸಲವೂ ಹಾಗೆಯೇ. ಮೂರು ಸಲ ನಿಜ ಮನಸ್ಸಿನಿಂದ ಕೇಳಿದರೂ ಒಪ್ಪದಿದ್ದರೆ ಅಲ್ಲಿಗೆ ಬಿಡಬಹುದು. ನೊಂದವರು ನಿಮ್ಮ ಗುರುಗಳಾದರೆ ಈ ಲೆಕ್ಕ ನಡೆಯದು, ಸಾವಿರ ಸಲವಾದರೂ ಹೋಗಬೇಕು ಎನ್ನುತ್ತಾನೆ ಮೈಮೊನಿಡೀಸ್. ನೊಂದವರು ತೀರಿಕೊಂಡಿದ್ದರೆ ಹತ್ತು ಮಂದಿಯೊಂದಿಗೆ ಸಮಾಧಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಬೇಕು. ಹಣವಿದ್ದರೆ ವಾರಸುದಾರರಿಗೆ ಸಲ್ಲಬೇಕು. ಕ್ಷಮೆ ಕೇಳಿಸಿಕೊಳ್ಳುವವರ ಮೇಲೂ ಕರ್ತವ್ಯವಿದೆ: ಕಲ್ಲು ಮನಸ್ಸು ಮಾಡಬಾರದು, ಬೇಗ ಸಮಾಧಾನವಾಗಬೇಕು.

ಬೆನ್ನ ಹಿಂದೆ ಚಾಡಿ ಹೇಳಿದ್ದು ಆ ವ್ಯಕ್ತಿಗೆ ಗೊತ್ತೇ ಇಲ್ಲದಿದ್ದರೆ ಏನು ಮಾಡಬೇಕು ಎಂಬಲ್ಲಿ ಹಿರಿಯರಲ್ಲಿ ಎರಡು ಮತವಿದೆ. ಹೇಳಿ ಕ್ಷಮೆ ಕೇಳಲೇಬೇಕು ಎನ್ನುವವರಿದ್ದಾರೆ. ಹೇಳಿದರೆ ಹೊಸ ನೋವು ಕೊಟ್ಟಂತೆ ಎನ್ನುವವರಿದ್ದಾರೆ. ಎರಡನೆಯದು ಹೆಚ್ಚು ಮಾನವೀಯವಾಗಿ ಕಾಣುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಯಾರ ಮುಂದೆ ಚಾಡಿ ಹೇಳಿದ್ದೆವೋ ಅವರ ಹತ್ತಿರ ಹೋಗಿ ‘ನಾನು ಹೇಳಿದ್ದು ಸುಳ್ಳು’ ಎನ್ನುವ ಕೆಲಸ ತಪ್ಪಿಸಿಕೊಳ್ಳಬಾರದು.

ಹಿಂದಿನ ವಾರ

ಮೊದಲು ಚಹಾ. ದಿನಕ್ಕೆ ಐದಾರು ಕಪ್ ಕುಡಿಯುವ ನಮ್ಮ ಊರುಗಳಲ್ಲಿ ಉಪವಾಸದ ದಿನ ತಲೆ ಸಿಡಿಯುವುದು ಹಸಿವಿಗಿಂತ ಚಹಾ ತಪ್ಪಿದ್ದಕ್ಕೆ. ಕೆಫೀನ್ ನಿಂತು 12ರಿಂದ 24 ತಾಸಿನಲ್ಲಿ ಆ ನೋವು ಶುರುವಾಗುತ್ತದೆ, ಅಂದರೆ ನೇರ ಪ್ರಾರ್ಥನೆಯ ಮಧ್ಯಕ್ಕೆ. ಹತ್ತು ದಿನ ಮುಂಚಿನಿಂದ ಎರಡು ದಿನಕ್ಕೊಂದು ಕಪ್ಪಿನಂತೆ ಇಳಿಸಿ, ಕೊನೆಯ ಎರಡು ದಿನ ಪೂರ್ತಿ ಬಿಡಿ.

ಪ್ರಾರ್ಥನೆಯ ಪುಸ್ತಕ ಮಹ್ಜೋರ್ ಕೈಯಲ್ಲಿರಬೇಕು. ಪಿಡಿಎಫ್ ಇದೆ ಎಂದು ಸುಮ್ಮನಿದ್ದರೆ ಆಗದು, ಆ ದಿನ ಫೋನ್ ಮುಟ್ಟುವಂತಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ. ಚರ್ಮದ ಚಪ್ಪಲಿ, ಶೂ ನಿಷಿದ್ಧ. ಹವಾಯಿ ಚಪ್ಪಲಿ ಅಥವಾ ಕ್ಯಾನ್ವಾಸ್ ಶೂ ಸಾಕು. ಕ್ಯಾನ್ವಾಸಿನ ಒಳ ಅಟ್ಟೆ ಚರ್ಮದ್ದಿರುವುದುಂಟು, ಎತ್ತಿ ನೋಡಿ. ಬಿಳಿ ಬಟ್ಟೆ ಒಗೆದಿಟ್ಟುಕೊಳ್ಳಿ.

ದೀಪದ ಲೆಕ್ಕವನ್ನು ಮುಂಚೆಯೇ ಮಾಡಬೇಕು. 25 ತಾಸು ಆರದೆ ಉರಿಯಬೇಕು. ಉಪವಾಸ ಬಿಡುವಾಗ ದ್ರಾಕ್ಷಾರಸ, ದೀಪ ಇಟ್ಟು ಹಬ್ಬವನ್ನು ಬೀಳ್ಕೊಡುವ ಹವ್ದಾಲಾ ವಿಧಿಗೆ ಇದೇ ದೀಪದಿಂದ ಬೆಂಕಿ ತೆಗೆದುಕೊಳ್ಳಬೇಕು. ಒಮ್ಮೆ ಶುರುವಾದ ಮೇಲೆ ಎಣ್ಣೆ ಹಾಕುವಂತಿಲ್ಲ, ಬತ್ತಿ ಚಾಚುವಂತಿಲ್ಲ. ಮೂರು ದಿನ ಮುಂಚೆ ಅದೇ ಹಣತೆ, ಅದೇ ಬತ್ತಿಯಲ್ಲಿ 50 ಮಿ.ಲೀ. ಎಣ್ಣೆ ಹಾಕಿ ಎರಡು ತಾಸು ಉರಿಸಿ, ಎಷ್ಟು ಇಳಿಯಿತು ಅಳೆಯಿರಿ. ಅದರ 14 ಪಟ್ಟು ಎಣ್ಣೆ ಹಿಡಿಯುವ ಗಾಜಿನ ಲೋಟ ಬೇಕು. ಬತ್ತಿ ದಪ್ಪವಾದರೆ ಬೆಳಗಿನ ಜಾವಕ್ಕೇ ಎಣ್ಣೆ ಮುಗಿದಿರುತ್ತದೆ. ಫ್ಯಾನಿನ ಗಾಳಿ ತಾಗದ ಮೂಲೆಯಲ್ಲಿ, ಪರದೆಯಿಂದ ದೂರ ಇಡಿ. ಕರೆಂಟ್ ಸ್ವಿಚ್ಚೂ ಮುಟ್ಟುವಂತಿಲ್ಲವಾದ್ದರಿಂದ ಬೇಕಾದ ಲೈಟು, ಫ್ಯಾನು ಮೊದಲೇ ಹಾಕಿಬಿಡಿ.

ಸಮುದಾಯದ ಜೊತೆಗೇ ಇರಬೇಕೆನಿಸಿದರೆ ಹತ್ತಿರದ್ದು ಪುಣೆ. 1867ರಲ್ಲಿ ಕಟ್ಟಿದ ಓಹೆಲ್ ಡೇವಿಡ್ ಸಿನಗಾಗನ್ನು ಅಲ್ಲಿಯವರು ಲಾಲ್ ದೇವಳ ಎನ್ನುತ್ತಾರೆ. ಯಾದಗಿರಿ, ಕಲಬುರಗಿ ಎರಡೂ ಮುಂಬೈ–ಚೆನ್ನೈ ಹಳಿಯ ಮೇಲಿರುವುದರಿಂದ ಸೋಲಾಪುರ ದಾಟಿ ನೇರ ರೈಲು ಸಿಗುತ್ತದೆ. ರವಿವಾರ ಮಧ್ಯಾಹ್ನದೊಳಗೆ ಊರು ಸೇರಿರಬೇಕು, ನಡೆದು ಹೋಗುವಷ್ಟು ಹತ್ತಿರ ಕೋಣೆ ಹಿಡಿದಿರಬೇಕು, ಭದ್ರತಾ ತಪಾಸಣೆಗೆ ಗುರುತಿನ ಚೀಟಿ ಇರಬೇಕು, ಬರುವ ವಿಷಯ ಮುಂಚೆಯೇ ತಿಳಿಸಿರಬೇಕು. ಅಲ್ಲಿಯ ಬೆನೆ ಇಸ್ರೇಲ್ ಎಂಬ ಮರಾಠಿ ಮಾತಿನ ಯೆಹೂದಿ ಸಮುದಾಯದ ಹಿರಿಯರು ಮರಾಠಿಯಲ್ಲಿ ಈ ದಿನವನ್ನು ಬಾಗಿಲು ಮುಚ್ಚುವ ಹಬ್ಬ ಎಂದು ಕರೆಯುತ್ತಿದ್ದರು. ಬಿಳಿ ಬಟ್ಟೆಯುಟ್ಟು, ಬಾಗಿಲು ಹಾಕಿಕೊಂಡು, ಹೊರಗಿನವರೊಡನೆ ಮಾತಿಲ್ಲದೆ ಇರುತ್ತಿದ್ದರು.

ಕೊನೆಯ ಊಟ

ಹಿಂದಿನ ದಿನ ಚೆನ್ನಾಗಿ ಉಣ್ಣುವುದೂ ಧರ್ಮವೇ. ಒಂಬತ್ತನೇ ದಿನ ಉಂಡು ಸಿದ್ಧವಾದವನು ಒಂಬತ್ತೂ ಹತ್ತೂ ಎರಡೂ ದಿನ ಉಪವಾಸ ಮಾಡಿದಂತೆ ಎಂದು ಯೆಹೂದಿ ಪಂಡಿತರ ಚರ್ಚೆಗಳ ಗ್ರಂಥ ತಾಲ್ಮುದ್ ಹೇಳುತ್ತದೆ. ನೀರನ್ನು ಬೆಳಿಗ್ಗೆಯಿಂದ ತಾಸಿಗೊಂದು ಲೋಟದಂತೆ ಕುಡಿಯುತ್ತ ಬನ್ನಿ. ಕೊನೆಗೆ ಒಂದೇ ಉಸಿರಿಗೆ ಒಂದೂವರೆ ಲೀಟರ್ ಸುರಿದುಕೊಂಡರೆ ರಾತ್ರಿ ಮೂತ್ರವಾಗಿ ಹೊರಟುಹೋಗುತ್ತದೆ, ಮೈಗೆ ದಕ್ಕುವುದಿಲ್ಲ.

ನಮ್ಮ ಕಡೆಯ ಊಟ ಇದಕ್ಕೆ ಹೇಳಿ ಮಾಡಿಸಿದಂತಿದೆ, ಖಾರ ಮತ್ತು ಉಪ್ಪು ಇಳಿಸಿದರೆ. ಎರಡು ಬಿಸಿ ಜೋಳದ ರೊಟ್ಟಿ, ಉಪ್ಪು ಕಡಿಮೆ ಹಾಕಿದ ತೊಗರಿ ಬೇಳೆ, ಕುಂಬಳಕಾಯಿ ಪಲ್ಯ, ಸೌತೆಕಾಯಿ, ಸ್ವಲ್ಪ ಅನ್ನ ಮೊಸರು, ಬಾಳೆಹಣ್ಣು. ಶೇಂಗಾ ಚಟ್ನಿ, ಉಪ್ಪಿನಕಾಯಿ, ಮಿರ್ಚಿ ಭಜಿ, ಹಪ್ಪಳ ಇವು ತಟ್ಟೆಗೆ ಬರಬಾರದು. ಸೆಪ್ಟೆಂಬರಿನ ಸೆಕೆಯಲ್ಲಿ ಉಪ್ಪು ತಿಂದವನ ಬಾಯಿ ರಾತ್ರಿ ಹತ್ತಕ್ಕೇ ಒಣಗುತ್ತದೆ. ಮಾಂಸ ಮಾಡಿದರೆ ಅದೇ ಊಟದಲ್ಲಿ ಮೊಸರು, ಹಾಲು, ತುಪ್ಪ ಸೇರುವಂತಿಲ್ಲ, ಶಾಕಾಹಾರವೇ ಸಲೀಸು. 5:45ಕ್ಕೆ ಕೈ ತೊಳೆಯಿರಿ. ಮಕ್ಕಳಿದ್ದರೆ ದೀಪ ಹಚ್ಚುವ ಮುನ್ನ ತಲೆ ಮೇಲೆ ಕೈಯಿಟ್ಟು ಹರಸುವುದು ವಾಡಿಕೆ. ಆ ದಿನವೇ ದಾನದ ಹಣವನ್ನೂ ಕೊಟ್ಟುಬಿಡಿ. ಹಬ್ಬದ ದಿನ ದುಡ್ಡು ಮುಟ್ಟುವಂತಿಲ್ಲ.

ಏನು ಬಿಡಬೇಕು, ಯಾರು ಉಪವಾಸ ಮಾಡಬಾರದು

ಬಿಡಬೇಕಾದವು ಐದು: ಅನ್ನ-ನೀರು, ಸ್ನಾನ, ಎಣ್ಣೆ-ಕ್ರೀಮು ಹಚ್ಚುವುದು, ಚರ್ಮದ ಪಾದರಕ್ಷೆ, ದಾಂಪತ್ಯ ಸಂಬಂಧ. ಇದರ ಜೊತೆಗೆ ಶಬ್ಬತ್ ಎಂಬ ವಾರದ ವಿಶ್ರಾಂತಿ ದಿನದ ಎಲ್ಲ ಕೆಲಸಗಳ ನಿಷೇಧವೂ ಇದೆ. ಬೆಳಿಗ್ಗೆ ಎದ್ದಾಗ ಕೈಯನ್ನು ಬೆರಳುಗಳ ಬುಡದವರೆಗೆ ಮಾತ್ರ ತೊಳೆಯುತ್ತಾರೆ. ಮೈಗೆ ಕೊಳೆ ಹತ್ತಿದರೆ ಅಷ್ಟು ಜಾಗ ತೊಳೆಯಬಹುದು, ಶೌಚದ ನಂತರ ತೊಳೆಯುವುದಕ್ಕೂ ತಡೆಯಿಲ್ಲ. ಹಲ್ಲುಜ್ಜುವುದಿಲ್ಲ.

ಒಂಬತ್ತು ವರ್ಷದೊಳಗಿನ ಮಕ್ಕಳು ಉಪವಾಸ ಮಾಡಬಾರದು, ಹಟ ಮಾಡಿದರೂ ಉಣ್ಣಿಸಬೇಕು. ಆಮೇಲೆ ತಾಸು, ಎರಡು ತಾಸು ಊಟ ತಡಮಾಡುತ್ತ ರೂಢಿ ಮಾಡಿಸುತ್ತಾರೆ. ಹುಡುಗಿಗೆ 12, ಹುಡುಗನಿಗೆ 13 ತುಂಬಿದ ಮೇಲೆ ಪೂರ್ಣ ಉಪವಾಸ. ಹೆರಿಗೆಯಾಗಿ ಮೂರು ದಿನದೊಳಗಿನ ಬಾಣಂತಿ ಉಪವಾಸ ಮಾಡಕೂಡದು.

ಕಾಯಿಲೆಯವರ ವಿಷಯದಲ್ಲಿ ಯೆಹೂದಿ ಧರ್ಮದ ನಿಲುವು ಸ್ಪಷ್ಟ: ಪ್ರಾಣಾಪಾಯವಿದ್ದರೆ ಉಣ್ಣುವುದು ರಿಯಾಯಿತಿಯಲ್ಲ, ಕಡ್ಡಾಯ. ರೋಗಿಯೇ ‘ನನಗೆ ಬೇಕು’ ಎಂದರೆ ವೈದ್ಯರು ಬೇಡ ಎಂದರೂ ಕೊಡಬೇಕು. ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ ತೊಂದರೆ ಇರುವವರು, ಬಸುರಿಯರು ಎರಡು ವಾರ ಮುಂಚೆಯೇ ವೈದ್ಯರನ್ನೂ ಫೋನಿನಲ್ಲಿ ಯೆಹೂದಿ ಧರ್ಮಗುರು ರಬ್ಬಿಯನ್ನೂ ಕೇಳಿ ನಿರ್ಧರಿಸಬೇಕು.

ಸ್ವಲ್ಪ ಸ್ವಲ್ಪವೇ ತೆಗೆದುಕೊಂಡರೆ ಸಾಕೆಂದು ಅವರು ಹೇಳಿದರೆ ಅದಕ್ಕೊಂದು ಕ್ರಮವಿದೆ. ಆಹಾರ ಒಂದು ದೊಡ್ಡ ಖರ್ಜೂರದ ಗಾತ್ರಕ್ಕಿಂತ ಕಡಿಮೆ, ಸುಮಾರು 30 ಮಿ.ಲೀ. ಹಿಡಿಯುವಷ್ಟು. ನೀರಿನ ಅಳತೆ ಅವರವರ ಬಾಯಿಯದು: ಹಿಂದಿನ ದಿನವೇ ಬಾಯಿ ತುಂಬ ನೀರು ಹಿಡಿದು ಲೋಟಕ್ಕೆ ಉಗುಳಿ ಅಳೆಯಿರಿ, ಬಂದದ್ದರ ಅರ್ಧಕ್ಕಿಂತ ತುಸು ಹೆಚ್ಚಾದರೆ ಅದು ಪೂರ್ತಿ ಗುಟುಕಿನ ಲೆಕ್ಕ, ಅದರೊಳಗೆ ಇರಬೇಕು. ಬಹಳ ಮಂದಿಗೆ 30 ಮಿ.ಲೀ. ಸರಿಹೋಗುತ್ತದೆ. ಎರಡು ಸಲದ ನಡುವೆ 9 ನಿಮಿಷ ಬಿಡುವುದು ರೂಢಿ. ಕೆಮ್ಮಿನ ಔಷಧದ ಜೊತೆ ಬರುವ 15 ಮಿ.ಲೀ. ಮುಚ್ಚಳದಲ್ಲಿ ಎರಡು ಸಲ ತುಂಬಿದರೆ ಅಳತೆ ಆಯಿತು. ಹೀಗೆ ತಾಸಿಗೆ ಸುಮಾರು 200 ಮಿ.ಲೀ. ನೀರೋ ಓಆರ್‌ಎಸ್ಸೋ ಒಳಗೆ ಹೋಗುತ್ತದೆ. ಇದು ಆರೋಗ್ಯವಂತರು ಬಳಸುವ ಒಳದಾರಿ ಖಂಡಿತ ಅಲ್ಲ. ತುರ್ತಿನಲ್ಲಿ ಅಳತೆ ಹಿಡಿದು ಕೂಡುವಂತೆಯೂ ಇಲ್ಲ. ಮೂರ್ಛೆ, ಗೊಂದಲದ ಮಾತು, ಎಂಟು ತಾಸು ಮೂತ್ರವೇ ಇಲ್ಲದಿರುವುದು, ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ: ಯಾವುದು ಕಂಡರೂ ಕೂಡಲೇ ಉಪವಾಸ ಬಿಡಿ. 108ಕ್ಕೆ ಫೋನ್ ಮಾಡಲು ಹಿಂದೆಮುಂದೆ ನೋಡಬೇಡಿ.

ರಾತ್ರಿ ಮತ್ತು ಹಗಲು

ಸೂರ್ಯ ಮುಳುಗುವ ಮುನ್ನ ‘ಕೋಲ್ ನಿದ್ರೆ’, ಅಂದರೆ ‘ಎಲ್ಲ ಹರಕೆಗಳು’. ಅರಾಮಾಯಿಕ್ ಭಾಷೆಯ ಈ ಪಾಠವನ್ನು ಸಭೆಯಲ್ಲಿ ಮೂರು ಸಲ, ಪ್ರತಿ ಸಲ ದನಿ ಏರಿಸುತ್ತ ಹಾಡುತ್ತಾರೆ. ದೇವರಿಗೆ ಹೇಳಿಕೊಂಡು ನಡೆಸಲಾಗದ ಹರಕೆಗಳಿಗೆ ಸಂಬಂಧಿಸಿದ್ದು ಅದು. ಮನುಷ್ಯರಿಗೆ ಕೊಟ್ಟ ಮಾತನ್ನು ಅದು ರದ್ದು ಮಾಡುವುದಿಲ್ಲ. ಮರುದಿನ ಬೆಳಗಿನ ಶಹರಿತ್, ಮುಸಾಫ್, ಮಧ್ಯಾಹ್ನದ ಮಿನ್ಹಾ, ಮುಳುಗುವ ಹೊತ್ತಿನ ನೆಇಲಾ: ರಾತ್ರಿಯದು ಸೇರಿ ಐದು ಪ್ರಾರ್ಥನೆ. ಹತ್ತು ಮಂದಿಯ ಮಿನ್ಯಾನ್ ಇಲ್ಲದಿದ್ದರೆ ದೇವರ ಸ್ತುತಿಯಾದ ಕಡ್ಡೀಶ್ ಹೇಳುವಂತಿಲ್ಲ, ಆದರೆ ನಿಂತು ಮೌನವಾಗಿ ಹೇಳುವ ಪ್ರಾರ್ಥನೆ ಅಮಿದಾ, ತಪ್ಪೊಪ್ಪಿಗೆ ಎಲ್ಲ ಒಬ್ಬರೇ ಹೇಳಬಹುದು.

ತಪ್ಪೊಪ್ಪಿಗೆ ವಿದ್ದುಯಿಯಲ್ಲಿ ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ತಪ್ಪುಗಳು ಬರುತ್ತವೆ. ಒಂದೊಂದಕ್ಕೂ ಮುಷ್ಟಿಯಿಂದ ಎದೆಯನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಾರೆ. ಎಲ್ಲವೂ ‘ನಾವು ಮಾಡಿದೆವು’ ಎಂದೇ ಇದೆ. ಕೇಳುವವನು ದೇವರು ಮಾತ್ರ, ನಡುವೆ ಯಾವ ಪುರೋಹಿತನೂ ಇಲ್ಲ. ಗಡಿಬಿಡಿಯಲ್ಲಿ ಸಾಲು ಓಡಿಸುವುದಕ್ಕಿಂತ, ನಿಮ್ಮ ಪಟ್ಟಿಯಲ್ಲಿದ್ದ ತಪ್ಪಿಗೆ ಹೊಂದುವ ಸಾಲಿನಲ್ಲಿ ನಿಂತು ಅದನ್ನು ಮನಸ್ಸಿಗೆ ತಂದುಕೊಳ್ಳಿ.

ಮುಸಾಫಿನಲ್ಲಿ ಜೆರುಸಲೇಮ್ ದೇವಾಲಯದ ಹಳೆಯ ವಿಧಿಯ ವರ್ಣನೆ ಬರುತ್ತದೆ: ಚೀಟಿ ಎತ್ತಿ ಎರಡು ಹೋತಗಳಲ್ಲಿ ಒಂದನ್ನು ದೇವರಿಗೆ, ಇನ್ನೊಂದನ್ನು ಜನರ ಪಾಪ ಹೊರಿಸಿ ಅಡವಿಗೆ, ವರ್ಷದಲ್ಲಿ ಆ ಒಂದೇ ದಿನ ಮಹಾಯಾಜಕ ಗರ್ಭಗುಡಿಯೊಳಗೆ ಹೋಗುತ್ತಿದ್ದ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯ ಕೆಡವಿದ ಮೇಲೆ ಬಲಿ ನಿಂತಿತು. ಪಶ್ಚಾತ್ತಾಪ, ಪ್ರಾರ್ಥನೆ, ದಾನ ಈ ಮೂರು ಕಠಿಣ ತೀರ್ಪನ್ನು ಹಗುರ ಮಾಡುತ್ತವೆ ಎಂಬುದು ಇಂದು ಆ ದಿನದ ಪ್ರಾರ್ಥನೆಯ ನಡುಮಾತು. ಬೆಳಿಗ್ಗೆ ಓದುವ ಯೆಶಾಯ 58ನೇ ಅಧ್ಯಾಯ ಇನ್ನೂ ಖಾರವಾಗಿದೆ: ಉಪವಾಸ ಮಾಡುತ್ತಲೇ ಕೂಲಿಯವರನ್ನು ದುಡಿಸಿಕೊಳ್ಳುವವರನ್ನು ಪ್ರವಾದಿ ತರಾಟೆಗೆ ತೆಗೆದುಕೊಂಡು, ಹಸಿದವನಿಗೆ ನಿನ್ನ ರೊಟ್ಟಿ ಹಂಚು ಎನ್ನುತ್ತಾನೆ. ಮನೆಗೆಲಸದವರ ಪಗಾರ ಬಾಕಿಯಿಟ್ಟು ಈ ಅಧ್ಯಾಯ ಓದಬಾರದು.

ಮಧ್ಯಾಹ್ನ ಎರಡರಿಂದ ನಾಲ್ಕು ಕಷ್ಟದ ಹೊತ್ತು. ಬಿಸಿಲಿಗೆ ಹೋಗದೆ ತಾಸು ಮಲಗಿ. ಎದ್ದು ಯೋನನ ಪುಸ್ತಕ ಓದಿ. ನಾಲ್ಕು ಅಧ್ಯಾಯ, 48 ವಚನ, ಕನ್ನಡ ಬೈಬಲಿನಲ್ಲೂ ಇದೆ. ನಿನೆವೆಯ ಪರಜನ ಕೂಡ ತಪ್ಪು ದಾರಿ ಬಿಟ್ಟಾಗ ದೇವರು ಶಿಕ್ಷೆ ಕೈಬಿಟ್ಟ ಕಥೆ ಅದು.

ಮನೆಯವರಿಗೆ, ಜೊತೆಯವರಿಗೆ

ನಮ್ಮಲ್ಲಿ ಏಕಾದಶಿ, ಶಿವರಾತ್ರಿ ಉಪವಾಸವೆಂದರೆ ಸಾಬೂದಾನಿ, ಹಾಲು, ಹಣ್ಣು ನಡೆಯುತ್ತದೆ. ರೋಜಾಕ್ಕೆ ಸೆಹರಿ ಇದೆ. ಇಲ್ಲಿ ಇವಾವುದೂ ಇಲ್ಲ, ರಾತ್ರಿಯೂ ಇಲ್ಲ. ‘ಒಂದು ಗುಟುಕು ನೀರಾದರೂ’ ಎಂದು ಪ್ರೀತಿಯಿಂದ ಒತ್ತಾಯಿಸಬೇಡಿ. ಫೋನ್ ಎತ್ತದಿದ್ದರೆ ಗಾಬರಿಯಾಗಬೇಡಿ, ಮಧ್ಯಾಹ್ನ ಒಮ್ಮೆ ಬಾಗಿಲು ತಟ್ಟಿ ವಿಚಾರಿಸಿ. 2026ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 14ಕ್ಕೆ ಬರುವುದರಿಂದ ಉಪವಾಸದ ರಾತ್ರಿ ಓಣಿಯಲ್ಲಿ ಮಂಡಪದ ಸ್ಪೀಕರ್ ಇರಬಹುದು. ಒಳಗಿನ ಕೋಣೆ ಬಿಟ್ಟುಕೊಟ್ಟರೆ ದೊಡ್ಡ ಉಪಕಾರ. ಸೋಮವಾರ ರಜೆ ಬೇಕೆಂದು ಕಚೇರಿಗೆ ಮೊದಲೇ ಅರ್ಜಿ ಕೊಡುವುದು ಅವರ ಕೆಲಸ, ಆ ದಿನ ಪರೀಕ್ಷೆಯೋ ಸಭೆಯೋ ಇಟ್ಟುಕೊಳ್ಳದಿರುವುದು ನಿಮ್ಮದು. ‘ಗಮಾರ್ ಹತಿಮಾ ತೋವಾ’, ಅಂದರೆ ‘ಕೊನೆಗೆ ಒಳ್ಳೆಯ ಮುದ್ರೆ ಬೀಳಲಿ’ ಎಂದು ಹಾರೈಸಿ.

ಬಿಡುವಾಗ

ನೆಇಲಾ ಮುಗಿದು ಕತ್ತಲಾದಾಗ ಸಭೆಯಲ್ಲಿ ಟಗರಿನ ಕೊಂಬಿನ ಶೋಫಾರ್ ಊದುತ್ತಾರೆ. ಒಬ್ಬರೇ ಇದ್ದರೆ ಮೊದಲು ಹವ್ದಾಲಾ. ದ್ರಾಕ್ಷಾರಸ ಸಿಗದಿದ್ದರೆ ಬೆನೆ ಇಸ್ರೇಲರ ದಾರಿ ಹಿಡಿಯಿರಿ: ಒಂದು ಬಟ್ಟಲು ಕಪ್ಪು ಒಣದ್ರಾಕ್ಷಿಯನ್ನು ಎರಡು ಬಟ್ಟಲು ನೀರಿನಲ್ಲಿ ರವಿವಾರ ಮಧ್ಯಾಹ್ನವೇ ನೆನೆಯಿಟ್ಟು, ಸಂಜೆಗೆ ಕಿವುಚಿ ಸೋಸಿ ಫ್ರಿಜ್ಜಿನಲ್ಲಿಡಿ. ಹೊರಗೇ ಬಿಟ್ಟರೆ ಈ ಸೆಕೆಗೆ ಹುಳಿಯುತ್ತದೆ.

ಆಮೇಲೆ ಅರ್ಧ ಲೋಟ ನೀರು, ಒಂದೆರಡು ಖರ್ಜೂರ. ಕಾಲು ತಾಸು ಬಿಟ್ಟು ತೆಳ್ಳಗಿನ ಜೋಳದ ಅಂಬಲಿ ಅಥವಾ ಮಜ್ಜಿಗೆ ಹಾಕಿದ ನುಚ್ಚು. ಖಾಲಿ ಹೊಟ್ಟೆಗೆ ಚಹಾ, ಭಜಿ ಬಿದ್ದರೆ ಹೊಟ್ಟೆಯುರಿ, ವಾಂತಿ ಆಗಬಹುದು. ಪೂರ್ಣ ಊಟ ಒಂದು ತಾಸಿನ ನಂತರ.

ಅದೇ ರಾತ್ರಿ ಸುಕ್ಕೋತ್ ಹಬ್ಬದ ಚಪ್ಪರಕ್ಕೆ ಮೊದಲ ಗೂಟ ಹೊಡೆಯುವುದು ಅನೇಕರ ರೂಢಿ. 2026ರಲ್ಲಿ ಆ ಹಬ್ಬ ಸೆಪ್ಟೆಂಬರ್ 25ರ ಶುಕ್ರವಾರ ಸಂಜೆಗೇ ಬರುತ್ತದೆ. ಮಾಡಿಗೆ ನೆಲದಿಂದ ಕಡಿದ ಸಸ್ಯವೇ ಆಗಬೇಕು, ಮೇಲೆ ಬಯಲಿರಬೇಕು. ಹೋದ ವರ್ಷದ ತೊಗರಿಕಟ್ಟಿಗೆ ಹರವಿ, ತೆನೆ ಮುರಿದ ಜೋಳದ ಕಣಕಿಯನ್ನು ಹಗಲಲ್ಲಿ ಬಿಸಿಲಿಗಿಂತ ನೆರಳು ಹೆಚ್ಚು ಬೀಳುವಷ್ಟು ಹೊದಿಸಿದರೆ ಸಾಕು.